ಬೆಣ್ಣೆ ಅಕ್ಕನ ಸ್ನಾನದ ಕೋಣೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಚರ್ಮರೋಗ ವಿಭಾಗದ ಉದ್ದನೆಯ ಕಾರಿಡಾರಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಕೊನೆಯ ಕೋಣೆಯಿಂದ ನಲ್ಲಿಯ ಸದ್ದು ಕೇಳಿಸುತ್ತದೆ. ಒಳಗೆ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಪ್ಲಾಸ್ಟಿಕ್ ಟಬ್ಬಿನ ಪಕ್ಕ ಮೊಣಕಾಲೂರಿ ಕೂತು, ಮೊಣಕೈಯನ್ನು ನೀರಿಗೆ ತಾಗಿಸಿ, ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳುವವರಂತೆ ತಲೆ ಓರೆ ಮಾಡಿದ್ದಾರೆ. ಒಂದು ಚೆಂಬು ತಣ್ಣೀರು ಸುರಿಯುತ್ತಾರೆ. ಮತ್ತೆ ಮೊಣಕೈ. "ಬಿಸಿ ಅಂತಲೂ ಅನ್ನಿಸಬಾರದು, ತಣ್ಣಗೆ ಅಂತಲೂ ಅನ್ನಿಸಬಾರದು. ಮಗುವಿಗೆ ನೀರಿಗಿಳಿದದ್ದೇ ಗೊತ್ತಾಗಬಾರದು, ಅಷ್ಟು ಸಾಕು" ಎನ್ನುತ್ತಾರೆ.

ಬಾಗಿಲಲ್ಲಿ ಹತ್ತು ತಿಂಗಳ ಕೂಸನ್ನು ಎತ್ತಿಕೊಂಡ ತಾಯಿಯೊಬ್ಬಳು ನಿಂತಿದ್ದಾಳೆ. ಎಷ್ಟೋ ರಾತ್ರಿಗಳಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲವೆಂದು ಅವಳ ಮುಖವೇ ಹೇಳುತ್ತಿದೆ. ಕೂಸು ಅವಳ ಭುಜಕ್ಕೆ ಕೆನ್ನೆಯನ್ನು ಉಜ್ಜುತ್ತಲೇ ಇದೆ. ಕೆನ್ನೆ ಕೆಂಪಗೆ ಒರಟಾಗಿ, ಕಿವಿಯ ಬುಡದಲ್ಲಿ ಸೀಳಿ, ಅಲ್ಲಲ್ಲಿ ರಸ ಜಿನುಗುತ್ತಿದೆ. ತಾಯಿ ಕೂಸನ್ನು ಮುಂದೆ ಚಾಚುತ್ತಾಳೆ. ಈ ಹೆಂಗಸು ಕೈ ಚಾಚುವುದಿಲ್ಲ. ಬದಲಿಗೆ ಎದ್ದು, ಕಾಲಿನಿಂದ ಒಂದು ಗಿಡ್ಡ ಸ್ಟೂಲನ್ನು ಟಬ್ಬಿನ ಕಡೆ ದೂಡುತ್ತಾರೆ. "ಕೂತ್ಕೊಳ್ಳಮ್ಮ. ನೀನೇ ಇಳಿಸು."

ನೀವೇ ಮಾಡುತ್ತೀರಿ ಅಂದುಕೊಂಡಿದ್ದೆ ಎಂದು ತಾಯಿ ತೊದಲುತ್ತಾಳೆ. "ನಾನು ಮಾಡಿದ್ರೆ ಇವತ್ತು ಒಂದಿನ ಚೆನ್ನಾಗಿರುತ್ತೆ. ನಾಳೆ ನಿಮ್ಮನೆಗೆ ನಾನು ಬರ್ತೀನಾ?" ಎನ್ನುತ್ತಾರೆ ಇವರು. ತಾಯಿ ಕೂಸನ್ನು ಮಡಿಲಿಗೆ ಹಾಕಿಕೊಂಡು ಕೂತುಕೊಳ್ಳುತ್ತಾಳೆ.

ಮುಂದಿನದ್ದೆಲ್ಲ ನಿಧಾನವಾಗಿ, ಗದ್ದಲವಿಲ್ಲದೆ ನಡೆಯುತ್ತದೆ. ನೊರೆ ಬರುವ ಸೋಪಿಲ್ಲ, ಪರಿಮಳದ ಶಾಂಪೂ ಇಲ್ಲ. ಡಾಕ್ಟರು ಬರೆದುಕೊಟ್ಟ, ವಾಸನೆಯಿಲ್ಲದ ಬಿಳಿ ಕ್ರೀಮನ್ನೇ ಸೋಪಿನ ಬದಲು ಸವರಿ ತೊಳೆಯುವುದು. ಹೆಚ್ಚು ಹೊತ್ತು ನೀರಿನಲ್ಲಿ ಬಿಡುವಂತಿಲ್ಲ. ಹೊರಗೆ ತೆಗೆದ ಕೂಡಲೇ ತಾಯಿ ಅಭ್ಯಾಸಬಲದಿಂದ ಟವೆಲಿನಲ್ಲಿ ಗಸಗಸ ಒರೆಸಲು ಹೋಗುತ್ತಾಳೆ. "ಒರೆಸ್ಬೇಡ, ಒತ್ತು. ಹೊಸ ಕಾಗದದ ಮೇಲೆ ಇಂಕು ಚೆಲ್ಲಿದ್ರೆ ಹೇಗೆ ಒತ್ತಿ ತೆಗೀತೀಯ, ಹಾಗೆ." ಚರ್ಮ ಇನ್ನೂ ತೇವವಾಗಿರುವಾಗಲೇ ಮುಲಾಮಿನ ಡಬ್ಬಿ ತೆರೆಯುತ್ತದೆ. ತಾಯಿ ಬೆರಳ ತುದಿಯಲ್ಲಿ ಚೂರು ತೆಗೆಯುತ್ತಾಳೆ. ಜಿಪುಣತನ ಬೇಡ, ಇದು ಬರೀ ತೇವ ಹಿಡಿದಿಡುವ ಮುಲಾಮು, ಬ್ರೆಡ್ಡಿಗೆ ಬೆಣ್ಣೆ ಹಚ್ಚುವಷ್ಟು ಧಾರಾಳವಾಗಿ ಹಚ್ಚು, ಮೈಮೇಲಿನ ಕೂದಲು ಯಾವ ದಿಕ್ಕಿಗೆ ಮಲಗಿದೆಯೋ ಅದೇ ದಿಕ್ಕಿಗೆ ಕೈ ಎಳೆ ಎಂದು ಇವರು ಪಕ್ಕದಲ್ಲೇ ಕೂತು ಹೇಳುತ್ತಾರೆ. ಕೂಸು ದೀಪದ ಬೆಳಕಿಗೆ ಪಳಪಳ ಹೊಳೆಯತೊಡಗುತ್ತದೆ. ಅರ್ಧ ಹಚ್ಚುವಷ್ಟರಲ್ಲಿ ಅದರ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಎದ್ದುಬಿಟ್ಟೀತೆಂಬ ಭಯಕ್ಕೆ ತಾಯಿ ಕೈಯನ್ನು ಅಲ್ಲೇ ನಿಲ್ಲಿಸಿ ಕೂತುಬಿಡುತ್ತಾಳೆ.

ಆಸ್ಪತ್ರೆಯ ದಾಖಲೆಯಲ್ಲಿ ಈ ಹೆಂಗಸಿನ ಹುದ್ದೆ 'ವಾರ್ಡ್ ಆಯಾ' ಎಂದಷ್ಟೇ ಇದೆ. ಆದರೆ ಡಾಕ್ಟರರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ಬೆಣ್ಣೆ ಅಕ್ಕ. ಹೆಸರು ಇಟ್ಟದ್ದು ಯಾವುದೋ ಮಗು. ಈಗ ಆ ಹೆಸರಿನಿಂದ ಕರೆಯದೆ ಹೋದರೆ ಅವರು ತಿರುಗಿಯೂ ನೋಡುವುದಿಲ್ಲವಂತೆ. "ಇಡೀ ಆಸ್ಪತ್ರೇಲಿ ಸಂಬಳ ತಗೊಂಡು ಬೆಣ್ಣೆ ಹಚ್ಚೋಳು ನಾನೊಬ್ಬಳೇ. ಉಳಿದವರೆಲ್ಲ ಪುಕ್ಕಟೆಯಾಗಿ ಹಚ್ತಾರೆ, ಅದೂ ದೊಡ್ಡ ಡಾಕ್ಟರಿಗೆ" ಎಂದು ನಗುತ್ತಾರೆ.

ಅವರ ಕೋಣೆಗೆ ಬರುವವರೆಲ್ಲ ಎಕ್ಸಿಮಾದವರು. ಹಳಬರು ಇಸುಬು ಎನ್ನುತ್ತಾರೆ, ಗೊತ್ತಿಲ್ಲದವರು ಕಜ್ಜಿ ಎಂದು ಮೂಗು ಮುರಿಯುತ್ತಾರೆ. ಇದು ಕಜ್ಜಿಯಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೂ ಅಲ್ಲ ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ ಲೆಕ್ಕವಿಲ್ಲ. ವಿಭಾಗದ ಹಿರಿಯ ವೈದ್ಯೆಯನ್ನು ಇಲ್ಲಿ ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಾರೆ. ಅವರು ವಿವರಿಸುವಂತೆ, ಇಂಥವರ ಚರ್ಮ ಹುಟ್ಟಿನಿಂದಲೇ ಬೇಲಿ ಸಡಿಲವಾದ ತೋಟದ ಹಾಗೆ. ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸೋಪು, ಬೆವರು ಒಳಗೆ ನುಗ್ಗಿ ಕೆರಳಿಸುತ್ತವೆ. ತುರಿಕೆ ಏಳುತ್ತದೆ. ತುರಿಸಿದರೆ ಬೇಲಿ ಇನ್ನಷ್ಟು ಕಿತ್ತುಹೋಗುತ್ತದೆ, ತುರಿಕೆ ಇನ್ನಷ್ಟು ಹೆಚ್ಚುತ್ತದೆ. ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ಕಡಿಮೆಯಾಗುತ್ತದೆ, ಕೆಲವರಿಗೆ ದೊಡ್ಡವರಾದ ಮೇಲೂ ಬಿಡುವುದಿಲ್ಲ. ಬುಡಸಮೇತ ಕಿತ್ತೊಗೆಯುವ ಔಷಧಿ ಇಲ್ಲ, ಹತೋಟಿಯಲ್ಲಿಡುವ ದಾರಿ ಖಂಡಿತ ಇದೆ. ಆ ದಾರಿಯಲ್ಲಿ ಅರ್ಧ ಡಾಕ್ಟರರ ಚೀಟಿಯಲ್ಲಿದ್ದರೆ ಉಳಿದರ್ಧ ಮನೆಯ ಬಚ್ಚಲಲ್ಲಿದೆ. ಬೆಣ್ಣೆ ಅಕ್ಕನ ಕೆಲಸ ಆ ಉಳಿದರ್ಧದ್ದು.

ಅವರ ಕೈಗಳನ್ನು ನೋಡಿದರೆ ಕಥೆ ಅರ್ಥವಾಗಲು ಶುರುವಾಗುತ್ತದೆ. ಬೆರಳ ಗೆಣ್ಣುಗಳ ಮೇಲಿನ ಚರ್ಮ ದಪ್ಪಗಟ್ಟಿದೆ, ಅಂಗೈಯಲ್ಲಿ ಹಳೆಯ ಬಿರುಕುಗಳ ಗೆರೆಗಳಿವೆ. ಹದಿನೆಂಟನೆಯ ವಯಸ್ಸಿನಿಂದ ಅವರು ಹೆಂಗಸರ ಬ್ಯೂಟಿ ಪಾರ್ಲರೊಂದರಲ್ಲಿ ತಲೆ ತೊಳೆಯುವ ಕೆಲಸದಲ್ಲಿದ್ದವರು. ಬೆಳಗ್ಗೆ ಶಾಂಪೂವಿನಲ್ಲಿ ಮುಳುಗಿದ ಕೈ ಸಂಜೆಗೇ ಮೇಲೇಳುತ್ತಿತ್ತು. ನಡುನಡುವೆ ಕೂದಲಿಗೆ ಬಣ್ಣ ಹಚ್ಚುವುದು. ಆ ಕೆಲಸ ಅವರಿಗೆ ಇಷ್ಟವಿತ್ತು. ತಲೆಯ ಮೇಲೆ ಕೈಯಿಟ್ಟ ಕೂಡಲೇ ಜನ ಮನಸ್ಸು ಬಿಚ್ಚುತ್ತಾರೆ, ಮನೆಯಲ್ಲಿ ಆಡಲಾಗದ್ದನ್ನೆಲ್ಲ ಆಡುತ್ತಾರೆ, ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ದಿನ ಹೋದದ್ದೇ ತಿಳಿಯುತ್ತಿರಲಿಲ್ಲ ಎಂದು ನೆನೆಯುತ್ತಾರೆ.

ಮೊದಲು ಬೆರಳ ಸಂದಿಯಲ್ಲಿ ಸಣ್ಣ ನೀರುಗುಳ್ಳೆಗಳೆದ್ದವು. ಆಮೇಲೆ ಚರ್ಮ ಸುಲಿಯಿತು, ಸೀಳಿತು. ಪಾರ್ಲರಿನ ಒಡತಿ ಒಳ್ಳೆಯವರೇ, ರಬ್ಬರ್ ಗ್ಲೌಸ್ ತಂದುಕೊಟ್ಟರು. ಅದರೊಳಗೆ ಬೆವೆತು ಇನ್ನೂ ಹೆಚ್ಚಾಯಿತು. ಒಂದು ದಿನ ತಲೆ ತೊಳೆಸಿಕೊಳ್ಳಲು ಕೂತಿದ್ದ ಹೆಂಗಸು ಕನ್ನಡಿಯಲ್ಲಿ ಇವರ ಕೈ ನೋಡಿ, ಮಾತಾಡದೆ ಎದ್ದು, ಒದ್ದೆ ತಲೆಯಲ್ಲೇ ಬೇರೆ ಕುರ್ಚಿಗೆ ಹೋಗಿ ಕೂತಳು. "ಬೈದಿದ್ರೆ ಅಷ್ಟು ನೋವಾಗ್ತಿರ್ಲಿಲ್ಲ. ಮೆತ್ತಗೆ ಎದ್ದು ಹೋದ್ಲು ನೋಡಿ, ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ" ಎನ್ನುತ್ತಾರೆ. ಆ ದಿನದಿಂದ ಬಸ್ಸಿನಲ್ಲೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವುದು ರೂಢಿಯಾಯಿತು. ಮಗಳಿಗೆ ಜಡೆ ಹಾಕುವುದನ್ನೂ ಬಿಟ್ಟರು. ಬಿರುಕಿಗೆ ಕೂದಲು ಸಿಕ್ಕಿಕೊಂಡು ನೋಯುತ್ತಿತ್ತು.

ಗಂಡ ಬಸ್ ಡ್ರೈವರು. ಅವರೇ ಒಂದು ರಜೆಯ ದಿನ ಒತ್ತಾಯ ಮಾಡಿ ಈ ಆಸ್ಪತ್ರೆಗೆ ಕರೆತಂದರು. ಡಾಕ್ಟ್ರಮ್ಮ ಆಗಿನ್ನೂ ಹೊಸದಾಗಿ ಸೇರಿದ್ದವರು. ಬೆನ್ನ ಮೇಲೆ ಪಟ್ಟಿಗಳನ್ನಂಟಿಸಿ ಪರೀಕ್ಷೆ ಮಾಡಿದಾಗ, ಕೂದಲ ಬಣ್ಣದಲ್ಲಿರುವ ಒಂದು ರಾಸಾಯನಿಕ ಇವರ ಚರ್ಮಕ್ಕೆ ಆಗಿಬರುವುದಿಲ್ಲ ಎಂದು ಗೊತ್ತಾಯಿತು. ಜೊತೆಗೆ ಇಡೀ ದಿನದ ನೀರು, ಶಾಂಪೂ. ಆ ಕೆಲಸ ಬಿಡದೆ ಕೈ ವಾಸಿಯಾಗದು ಎಂದು ಡಾಕ್ಟ್ರಮ್ಮ ಹೇಳಿದಾಗ ಇವರು ಅಳಲಿಲ್ಲವಂತೆ. ಬೇರೇನು ಕೆಲಸ ಬರುತ್ತದೆ ನನಗೆ ಎಂದು ಒಂದೇ ಪ್ರಶ್ನೆ ಕೇಳಿದರು. ಕೈ ಸುಧಾರಿಸಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಮಕ್ಕಳ ವಾರ್ಡಿನಲ್ಲಿ ಆಯಾ ಕೆಲಸ ಖಾಲಿಯಾಯಿತು, ಡಾಕ್ಟ್ರಮ್ಮ ಇವರನ್ನು ಕರೆಸಿದರು.

ಅಲ್ಲೇ ಎಡವಟ್ಟಾಯಿತು. ಎಕ್ಸಿಮಾ ಮಕ್ಕಳಿಗೆ ಸ್ನಾನ ಮಾಡಿಸುವ ಕೆಲಸ ಆಯಾಗಳದ್ದು, ಹೊಸಬರಾದ ಡಾಕ್ಟ್ರಮ್ಮನಿಗೆ ಅದು ತಿಳಿದಿರಲಿಲ್ಲ. ಇವರ ಕೈಯೋ ಮತ್ತೆ ಮತ್ತೆ ನೀರಿಗೆ ಹೋಗುವಂತಿಲ್ಲ. ಮೊದಲ ವಾರವೇ ಬೆರಳುಗಳು ಕೆರಳಿದವು. ಹೇಳಿದರೆ ಇದ್ದ ಕೆಲಸವೂ ಹೋಗುತ್ತದೆ, ಹೇಳದಿದ್ದರೆ ಕೈ ಹೋಗುತ್ತದೆ. ಆ ಇಕ್ಕಟ್ಟಿನಲ್ಲಿ ಅವರಿಗೆ ಹೊಳೆದದ್ದು ಮಗುವಿನ ಜೊತೆ ಬಂದ ಅಮ್ಮನನ್ನೇ ಸ್ಟೂಲಿನ ಮೇಲೆ ಕೂರಿಸುವುದು. "ಬುದ್ಧಿವಂತಿಕೆ ಏನೂ ಇಲ್ಲ ಸ್ವಾಮಿ ಅದ್ರಲ್ಲಿ. ನನ್ನ ಕೈ ಉಳಿಸ್ಕೊಳ್ಳೋಕೆ ಅವರ ಕೈ ನೀರಿಗೆ ಹಾಕಿಸ್ದೆ. ನಾನು ಪಕ್ಕದಲ್ಲಿ ಕೂತು ಬಾಯಲ್ಲೇ ಕೆಲಸ ಮಾಡ್ದೆ. ಪಾರ್ಲರಲ್ಲಿ ಮಾತು ಕಲಿತಿದ್ದೆನಲ್ಲ."

ಕೆಲವು ತಿಂಗಳ ನಂತರ ಡಾಕ್ಟ್ರಮ್ಮನ ಗಮನಕ್ಕೆ ಒಂದು ಸಂಗತಿ ಬಂತು. ಬೆಣ್ಣೆ ಅಕ್ಕನ ಪಾಳಿಯಲ್ಲಿ ಮನೆಗೆ ಹೋದ ಮಕ್ಕಳು ವಾರ್ಡಿಗೆ ವಾಪಸು ಬರುವುದು ಕಡಿಮೆಯಾಗಿದೆ. ಬೇರೆ ಪಾಳಿಯಲ್ಲಿ ಮಕ್ಕಳಿಗೆ ಚೆನ್ನಾಗಿಯೇ ಆರೈಕೆ ನಡೆಯುತ್ತಿತ್ತು, ಮನೆಯವರಿಗೆ ಮಾತ್ರ ಏನೂ ತಿಳಿದಿರುತ್ತಿರಲಿಲ್ಲ. ಕರೆದು ಕೇಳಿದಾಗ ಇವರು ಹೆದರಿ, ಕೈ ಮತ್ತೆ ಕೆರಳಿದ ವಿಷಯ ಒಪ್ಪಿಕೊಂಡರು. ಡಾಕ್ಟ್ರಮ್ಮ ಬಹಳ ಹೊತ್ತು ನಕ್ಕು, ಇನ್ನು ಮುಂದೆ ಎಲ್ಲ ಪಾಳಿಯಲ್ಲೂ ಹೀಗೇ ಆಗಲಿ ಎಂದರು. ಕಾರಿಡಾರಿನ ಕೊನೆಯಲ್ಲಿದ್ದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ, ಟಬ್ಬು ಹಾಕಿಸಿ ಇವರಿಗೆ ವಹಿಸಿದರು.

ಈಗ ಬೆಳಗಿನ ಹೊತ್ತು ಮಕ್ಕಳು, ಮಧ್ಯಾಹ್ನದ ಮೇಲೆ ದೊಡ್ಡವರು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಸಿಮೆಂಟು ಕಲಸುವ ಗಾರೆ ಕೆಲಸದವರು, ದಿನವಿಡೀ ಕೈ ತೊಳೆಯುವ ಇದೇ ಆಸ್ಪತ್ರೆಯ ನರ್ಸುಗಳು. ಅವರಿಗೆಲ್ಲ ಇವರು ತಮ್ಮ ಕೈಯನ್ನೇ ಚಾಚಿ ತೋರಿಸುತ್ತಾರೆ. ಒಳಗೆ ತೆಳು ಹತ್ತಿಯ ಗ್ಲೌಸ್, ಮೇಲೆ ನೀರಿಳಿಯದ ಗ್ಲೌಸ್, ಬೆವೆತರೆ ಒಳಗಿನದ್ದನ್ನು ಬದಲಾಯಿಸು, ಉಂಗುರ ತೆಗೆದಿಡು, ಕೈ ತೊಳೆದಾಗಲೆಲ್ಲ ಮುಲಾಮು ಹಚ್ಚು. ಕೆಲಸ ಬಿಟ್ಟುಬಿಡಿ ಎಂದು ಅವರು ಯಾರಿಗೂ ಸುಲಭಕ್ಕೆ ಹೇಳುವುದಿಲ್ಲ. ಆ ಮಾತು ಕಿವಿಗೆ ಬಿದ್ದಾಗ ಹೇಗಿರುತ್ತದೆ ಎಂದು ಗೊತ್ತು ಎನ್ನುತ್ತಾರೆ.

ಅವರನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ವೆಲ್ಡಿಂಗ್ ಅಪ್ಪನ ಮಗಳು. ವಾರ್ಡಿನಲ್ಲಿ ಆತನಿಗೆ ಬಿದ್ದ ಹೆಸರೇ ಅದು. ಸಣ್ಣದೊಂದು ವರ್ಕ್‌ಶಾಪಿನಲ್ಲಿ ಗೇಟು, ಕಿಟಕಿ ಬೆಸೆಯುವ ಕೆಲಸ. ಹೆಂಡತಿ ಪ್ಯಾಕಿಂಗ್ ಕಾರ್ಖಾನೆಯಲ್ಲಿದ್ದಾಳೆ, ಅವಳಿಗೆ ರಜೆ ಸಿಗುವುದು ಕಷ್ಟ. ಹಾಗಾಗಿ ನಾಲ್ಕು ವರ್ಷದ ಪುಟ್ಟಿಯನ್ನು ಆಸ್ಪತ್ರೆಗೆ ತರುವುದು ಅಪ್ಪ ಮತ್ತು ಅಜ್ಜಿ. ಮೊದಲ ಸಲ ಬಂದಾಗ ಮೊಣಕೈ, ಮೊಣಕಾಲುಗಳ ಮಡಿಕೆಗಳಲ್ಲಿ ಹಳದಿ ಹಕ್ಕಳೆ ಕಟ್ಟಿ ಕೀವಾಗಿತ್ತು. ವಾರ್ಡಿನಲ್ಲಿ ಉಳಿಸಿಕೊಂಡು ವಾಸಿ ಮಾಡಿ ಕಳಿಸಿದರು. ತಿಂಗಳೊಳಗೆ ಪುಟ್ಟಿ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ವಾಪಸು ಬಂದಳು. ಅಪ್ಪನ ಜೇಬಿನಲ್ಲಿ, ಕೆರಳಿಕೆ ಇಳಿಸಲೆಂದು ಕೊಟ್ಟು ಕಳಿಸಿದ್ದ ಸ್ಟಿರಾಯ್ಡ್ ಮುಲಾಮಿನ ಟ್ಯೂಬು ಹೆಚ್ಚೂಕಡಿಮೆ ತುಂಬಿದ ಹಾಗೇ ಇತ್ತು.

ಹೇಳಿದ್ದು ಕಿವಿಗೆ ಹೋಗುವುದಿಲ್ಲವೇ ಎಂದು ನರ್ಸು ಗದರಿದರು. ಆತ ತಲೆ ತಗ್ಗಿಸಿ ನಿಂತಿದ್ದ. ಬೆಣ್ಣೆ ಅಕ್ಕ ಬೈಯಲಿಲ್ಲ. ಮನೆಯಲ್ಲಿ ಹೇಗೆ ಹಚ್ಚುತ್ತೀಯೋ ಹಾಗೇ ಹಚ್ಚಿ ತೋರಿಸು ಎಂದರು. ಆತ ಬೆಂಕಿಕಡ್ಡಿಯ ತಲೆಯಷ್ಟು ಮುಲಾಮು ತೆಗೆದು ಎರಡೂ ಕಾಲುಗಳಿಗೆ ಸವರಿದ. ಯಾಕಪ್ಪಾ ಇಷ್ಟು ಹೆದರಿಕೆ ಎಂದು ಕೇಳಿದರು. ಆತ ಟ್ಯೂಬಿನ ಮುಚ್ಚಳ ತಿರುಗಿಸುತ್ತ ಹೇಳಿದ: "ನಮ್ಮಮ್ಮನ ಮುಖ ನೋಡಿದೀರಲ್ಲ ಅಕ್ಕ. ಅದೂ ಇಂಥದ್ದೇ ಮುಲಾಮು ಹಚ್ಚಿ ಆಗಿದ್ದು."

ಅಜ್ಜಿಯ ಕೆನ್ನೆ ತೆಳ್ಳಗಾಗಿ, ಒಳಗಿನ ಕೆಂಪು ರಕ್ತನಾಳಗಳೆಲ್ಲ ಕಾಣುತ್ತಿದ್ದವು. ವಯಸ್ಸಿನಲ್ಲಿದ್ದಾಗ ಅಂಗಡಿಯವನು ಕೊಟ್ಟ ಯಾವುದೋ ಕ್ರೀಮನ್ನು, ಮುಖ ಬೆಳ್ಳಗಾಗುತ್ತದೆಂದು ವರ್ಷಗಟ್ಟಲೆ ಹಚ್ಚಿದ್ದರಂತೆ. ಬೆಣ್ಣೆ ಅಕ್ಕ ಇದಕ್ಕೆ ತಾವು ಉತ್ತರ ಹೇಳಲು ಹೋಗಲಿಲ್ಲ. ಅಪ್ಪ, ಅಜ್ಜಿ ಇಬ್ಬರನ್ನೂ ಡಾಕ್ಟ್ರಮ್ಮನ ಮುಂದೆ ಕೂರಿಸಿದರು. ಆತನ ಹೆದರಿಕೆಯಲ್ಲಿ ದಡ್ಡತನವಿಲ್ಲ ಎಂದೇ ಡಾಕ್ಟ್ರಮ್ಮ ಮಾತು ಶುರುಮಾಡಿದರು. ಅಜ್ಜಿ ಹಚ್ಚಿದ್ದು ಬಲವಾದ ಔಷಧಿ, ಅದೂ ಮುಖಕ್ಕೆ, ಕೇಳುವವರಿಲ್ಲದೆ ವರ್ಷಾನುಗಟ್ಟಲೆ. ಪುಟ್ಟಿಗೆ ಬರೆದದ್ದು ಅವಳ ವಯಸ್ಸಿಗೂ ಜಾಗಕ್ಕೂ ತಕ್ಕ ಸೌಮ್ಯವಾದದ್ದು, ಕೆರಳಿದ ಜಾಗಕ್ಕೆ ಮಾತ್ರ, ಹೇಳಿದಷ್ಟು ದಿನ ಮಾತ್ರ. ಕಡಿಮೆ ಹಚ್ಚಿದರೆ ಬೆಂಕಿ ಆರುವುದಿಲ್ಲ, ಒಳಗೊಳಗೇ ಉರಿಯುತ್ತದೆ. ಆಮೇಲೆ ಬೆಣ್ಣೆ ಅಕ್ಕ ಆತನ ತೋರುಬೆರಳು ಹಿಡಿದು ಅಳತೆ ಕಲಿಸಿದರು. ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಎಳೆದ ಮುಲಾಮು, ದೊಡ್ಡವರ ಎರಡು ಅಂಗೈ ಮುಚ್ಚುವಷ್ಟು ಜಾಗಕ್ಕೆ. ಕಬ್ಬಿಣ ಅಳೆದು ಕತ್ತರಿಸುವ ಮನುಷ್ಯ, ಅಳತೆ ಕೊಟ್ಟ ಮೇಲೆ ಆತನಿಗೆ ಧೈರ್ಯ ಬಂತು.

ಆಗಲೇ ಇನ್ನೊಂದು ವಿಷಯವೂ ಹೊರಬಿತ್ತು. ಅವರಿವರ ಮಾತು ಕೇಳಿ ಅಜ್ಜಿ ಪುಟ್ಟಿಗೆ ಹಾಲು, ಮೊಟ್ಟೆ, ಗೋಧಿ ಎಲ್ಲ ನಿಲ್ಲಿಸಿಬಿಟ್ಟಿದ್ದರು. ಮಗು ಕಡ್ಡಿಯ ಹಾಗಾಗಿತ್ತು. ಡಾಕ್ಟ್ರಮ್ಮ ವಿಚಾರಿಸಿ, ಪರೀಕ್ಷಿಸಿ, ಯಾವುದೂ ಬಿಡಬೇಕಾಗಿಲ್ಲ ಎಂದರು. ಒಳ್ಳೆಯದಾಗಲೆಂದು ಮೊಮ್ಮಗಳನ್ನು ಉಪವಾಸ ಕೆಡವಿದೆನಲ್ಲ ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಬೆಣ್ಣೆ ಅಕ್ಕ ಅವರ ಪಕ್ಕ ಕೂತು ಸುಮ್ಮನೆ ಬೆನ್ನು ಸವರಿದರು.

ಅಷ್ಟಾದರೂ ಪುಟ್ಟಿಯ ಕೆನ್ನೆ ಮತ್ತು ತೋಳಿನ ಒಳಭಾಗ ಮಾತ್ರ ಕೆರಳುತ್ತಲೇ ಇತ್ತು. ಕಾರಣ ಹೊಳೆಯದೆ ಬೆಣ್ಣೆ ಅಕ್ಕ ತಮ್ಮ ವಾರದ ರಜೆಯ ದಿನ ಬಸ್ಸು ಹತ್ತಿ ಅವರ ಮನೆಗೇ ಹೋದರು. ವರ್ಕ್‌ಶಾಪಿನ ಮೇಲಿನ ಎರಡು ಕೋಣೆಯ ಮನೆ. ಪರಿಮಳದ ಸೋಪಿನ ಪುಡಿ, ಚುಚ್ಚುವ ಉಣ್ಣೆಯ ಕಂಬಳಿ, ಒಲೆಯ ಪಕ್ಕದಲ್ಲೇ ಹಾಸಿಗೆ. ಒಂದೊಂದನ್ನೂ ತೋರಿಸಿ ಬದಲಾಯಿಸಲು ಹೇಳಿದರು. ಸಂಜೆ ಅಪ್ಪ ಕೆಲಸ ಮುಗಿಸಿ ಮೆಟ್ಟಿಲು ಹತ್ತಿದ. ಪುಟ್ಟಿ ಓಡಿಹೋಗಿ ಕೊರಳಿಗೆ ಜೋತುಬಿದ್ದಳು, ಆತ ಎತ್ತಿ ಎದೆಗವಚಿಕೊಂಡ. ಒರಟು ದಪ್ಪ ಬಟ್ಟೆಯ ಅಂಗಿ, ಅದರ ತುಂಬ ಕಬ್ಬಿಣದ ಪುಡಿ, ಬೆವರು. ಮಗುವಿನ ಕೆನ್ನೆ ಎಲ್ಲಿ ತಾಗುತ್ತಿತ್ತೋ, ತೋಳು ಎಲ್ಲಿ ಸುತ್ತುತ್ತಿತ್ತೋ ಅಲ್ಲೇ ಕೆರಳಿತ್ತು.

"ಅದನ್ನ ಹೇಳೋಕೆ ನನಗೆ ನಾಲಿಗೆ ಏಳ್ಲಿಲ್ಲ. ದಿನವಿಡೀ ಅವನು ದುಡಿಯೋದೇ ಆ ಒಂದು ನಿಮಿಷಕ್ಕೆ" ಎನ್ನುತ್ತಾರೆ ಬೆಣ್ಣೆ ಅಕ್ಕ. ಆದರೂ ಹೇಳಿದರು. ಬಂದ ಕೂಡಲೇ ಅಂಗಿ ಕಳಚಿ, ಸ್ನಾನ ಮಾಡಿ, ಮೆತ್ತನೆಯ ಹತ್ತಿಯ ಬಟ್ಟೆ ಹಾಕಿಕೊಂಡು ಆಮೇಲೆ ಎತ್ತಿಕೋ ಎಂದರು. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು: ಮುಲಾಮು ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮಗುವಿಗೆ ಮುಲಾಮು ಹಚ್ಚುವಾಗ ಹಾಕಿಕೊಂಡಿದ್ದ ಬಟ್ಟೆಯಲ್ಲಿ ಕಿಡಿಯ ಹತ್ತಿರ ಹೋಗಬೇಡ, ಮಗುವನ್ನೂ ವರ್ಕ್‌ಶಾಪಿಗೆ, ಒಲೆಯ ಬಳಿಗೆ ಬಿಡಬೇಡ.

ವೆಲ್ಡಿಂಗ್ ಅಪ್ಪನನ್ನು ನಾನು ಭೇಟಿಯಾದಾಗ ಆತ ಮೊದಲು ನೆನೆದದ್ದು ಆ ಮೊದಲ ಸಂಜೆಯನ್ನೇ. ಬಚ್ಚಲ ಬಾಗಿಲು ಹಾಕಿಕೊಂಡರೆ ಹೊರಗೆ ಪುಟ್ಟಿ ಬಾಗಿಲು ಬಡಿಯುತ್ತ ಅಳುತ್ತಿದ್ದಳು. "ಅಪ್ಪ ಬಂದ್ರೂ ಎತ್ಕೊಳ್ಲಿಲ್ಲ ಅಂತ ಅವಳು ಹೊರಗೆ ಅಳ್ತಿದ್ಲು, ಒಳಗೆ ನಾನು ಸೋಪು ಹಚ್ಕೊಂಡು ಅಳ್ತಿದ್ದೆ. ವಾರ ಕಳೀತು, ಕೆನ್ನೆ ತಿಳಿಯಾಯ್ತು. ಆಮೇಲೆ ನನ್ನ ಟವೆಲು ಹಿಡ್ಕೊಂಡು ಬಾಗಿಲಲ್ಲಿ ಅವಳೇ ಕಾಯೋಕೆ ಶುರುಮಾಡಿದ್ಲು."

ಚಳಿಗಾಲ ಬಂತು. ಗಾಳಿ ಒಣಗಿತು, ಪುಟ್ಟಿಯ ಚರ್ಮ ಸ್ವಲ್ಪ ಕೆರಳಿತು, ಅಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಒಂದು ಬೆಳಗ್ಗೆ ಅವಳು ಮಂಕಾಗಿ ಮಲಗಿದ್ದಳು, ಮೈ ಸುಡುತ್ತಿತ್ತು. ಎಡಗಣ್ಣಿನ ಕೆಳಗೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಕೆಲವು ಒಡೆದು ಚುಕ್ಕೆ ಕೊರೆದ ಹಾಗಿದ್ದವು. ಎಂದಿನಂತೆ ಕೆರಳಿದೆ, ಮುಲಾಮು ಹಚ್ಚಿ ಸಂಜೆಯವರೆಗೆ ನೋಡೋಣ ಎಂದರು ಅಜ್ಜಿ. ಅಪ್ಪ ಮಗಳನ್ನು ಕೇಳಿದ, ತುರಿಸುತ್ತಿದೆಯಾ ಪುಟ್ಟಿ ಎಂದು. ಇಲ್ಲ, ನೋಯುತ್ತಿದೆ ಎಂದಳು.

ಬೆಣ್ಣೆ ಅಕ್ಕನ ಕೋಣೆಯಿಂದ ಹೊರಡುವ ಮುನ್ನ ಪ್ರತಿಯೊಬ್ಬರೂ ಕೇಳಿಸಿಕೊಳ್ಳಲೇಬೇಕಾದ ಮಾತೊಂದಿದೆ. ತುರಿಕೆಗೆ ಮನೆಯ ಮುಲಾಮು ಇದೆ, ನೋವು ಅಂದರೆ ಆಸ್ಪತ್ರೆಗೆ ಬಾ. ಜ್ವರ, ಕೀವು, ಗುಂಪು ಗುಳ್ಳೆ, ಅದರಲ್ಲೂ ಕಣ್ಣಿನ ಹತ್ತಿರ ಕಂಡರೆ ಉಟ್ಟ ಬಟ್ಟೆಯಲ್ಲೇ ಬಾ. ಆತ ವರ್ಕ್‌ಶಾಪಿನ ಬಾಗಿಲನ್ನೂ ಹಾಕದೆ, ಅರ್ಧ ಬೆಸೆದ ಗೇಟನ್ನು ಹಾಗೇ ಬಿಟ್ಟು, ಸಿಕ್ಕ ಗಾಡಿಯಲ್ಲಿ ಮಗಳನ್ನು ಮಲಗಿಸಿಕೊಂಡು ಬಂದ.

ಬೆಣ್ಣೆ ಅಕ್ಕ ಆಗ ತಾಯಿಯೊಬ್ಬಳಿಗೆ ಮುಲಾಮು ಹಚ್ಚುವುದನ್ನು ಹೇಳಿಕೊಡುತ್ತಿದ್ದರು. ಬಾಗಿಲಲ್ಲಿ ಪುಟ್ಟಿಯ ಮುಖ ನೋಡಿದವರೇ ಏನೂ ಕೇಳದೆ ಡಾಕ್ಟ್ರಮ್ಮನ ಕೋಣೆಗೆ ಓಡಿದರು. ಡಾಕ್ಟ್ರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನೋಡಿ, ಆ ಗಳಿಗೆಯಲ್ಲೇ ಔಷಧಿ ಶುರುಮಾಡಿಸಿ, ಕಣ್ಣಿನ ಡಾಕ್ಟರನ್ನೂ ಕರೆಸಿದರು. ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವ ವೈರಸ್ಸು ಎಕ್ಸಿಮಾ ಚರ್ಮದೊಳಗೆ ನುಗ್ಗಿತ್ತು. ಹಿಂದಿನ ವಾರ ಮನೆಗೆ ಬಂದಿದ್ದ ನೆಂಟರೊಬ್ಬರ ತುಟಿಯಲ್ಲಿ ಅಂಥ ಗುಳ್ಳೆಯಿತ್ತು, ಪುಟ್ಟಿಯನ್ನು ಮುದ್ದಿಸಿ ಹೋಗಿದ್ದರು. ಬೇರೆಯವರಿಗೆ ಸಣ್ಣ ಹುಣ್ಣಾಗಿ ಹೋಗುವುದು ಇಂಥ ಮಕ್ಕಳ ಮೈಗೆಲ್ಲ ಹಬ್ಬಿ ಕಣ್ಣನ್ನೇ ತೆಗೆಯಬಲ್ಲದು, ಜೀವಕ್ಕೂ ಅಪಾಯ.

ಮುಂದಿನ ಎರಡು ದಿನ ಯಾರೂ ಏನನ್ನೂ ಖಚಿತವಾಗಿ ಹೇಳಲಿಲ್ಲ. ಪುಟ್ಟಿಯನ್ನು ಪ್ರತ್ಯೇಕ ಕೋಣೆಯಲ್ಲಿಟ್ಟರು. ಕಾರ್ಖಾನೆಯಲ್ಲಿ ಏನು ಹೇಳಿ ಬಂದಳೋ, ಅಮ್ಮನೂ ಬಂದು ಹಾಸಿಗೆಯ ಪಕ್ಕ ಕೂತಳು. ಬೆಣ್ಣೆ ಅಕ್ಕ ಕೆಲಸದ ನಡುವೆ ಬಾಗಿಲ ಗಾಜಿನಲ್ಲಿ ಇಣುಕಿ ಹೋಗುತ್ತಿದ್ದರು. ಆ ಎರಡು ದಿನ ಮನೆಯಲ್ಲಿ ಬೆಣ್ಣೆ ಅಕ್ಕ ಮಾತೇ ಆಡಲಿಲ್ಲ, ಇಪ್ಪತ್ತೈದು ವರ್ಷದಲ್ಲಿ ಅಂಥ ವಿಶ್ರಾಂತಿ ಸಿಕ್ಕಿದ್ದು ಅದೇ ಮೊದಲು, ಆದರೂ ಚೆನ್ನಾಗಿರಲಿಲ್ಲ ಎಂದು ಅವರ ಗಂಡ ಹೇಳುತ್ತಾರೆ. ಮೂರನೆಯ ದಿನ ಜ್ವರ ಇಳಿಯಿತು. ಗುಳ್ಳೆಗಳು ಒಣಗಿದವು. ಕಣ್ಣಿಗೆ ಏನೂ ಆಗಿರಲಿಲ್ಲ. ಡಾಕ್ಟ್ರಮ್ಮ ಎಲ್ಲರ ಎದುರಿಗೆ ಅಪ್ಪನ ಭುಜ ತಟ್ಟಿ, ಈ ಕಣ್ಣು ಉಳಿದದ್ದು ನೀವು ಸಂಜೆಯವರೆಗೆ ಕಾಯದೆ ಬಂದಿದ್ದಕ್ಕೆ ಎಂದರು. ಬೆಣ್ಣೆ ಅಕ್ಕ ತಮ್ಮ ಕೋಣೆಗೆ ಹೋಗಿ, ಖಾಲಿ ಟಬ್ಬಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅತ್ತರು. "ಹೇಳೋದೇನೋ ಎಲ್ಲರಿಗೂ ಹೇಳ್ತೀನಿ. ಬೇಕಾದ ಹೊತ್ತಿಗೆ ಅವರಿಗೆ ನೆನಪಾಗುತ್ತೋ ಇಲ್ವೋ ಅಂತ ಅವತ್ತಿನ ತನಕ ನನಗೆ ಗೊತ್ತಿರ್ಲಿಲ್ಲ."

ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ. ಆಟದಲ್ಲಿ ಅವಳ ಕೈ ಹಿಡಿಯಲು ಹಿಂಜರಿದ ಮಕ್ಕಳಿಗೆ, ಇದು ಅಂಟುವುದಿಲ್ಲ, ನನ್ನ ಚರ್ಮಕ್ಕೆ ಬಾಯಾರಿಕೆ ಜಾಸ್ತಿ ಅಷ್ಟೇ ಎಂದು ತಾನೇ ಹೇಳುತ್ತಾಳಂತೆ. ಯಾರು ಹೇಳಿಕೊಟ್ಟರು ಎಂದು ಕೇಳಬೇಕಾಗಿಲ್ಲ. ಈಗಲೂ ಒಮ್ಮೊಮ್ಮೆ ಕೆರಳುತ್ತದೆ, ಹಚ್ಚುತ್ತಾರೆ, ಇಳಿಯುತ್ತದೆ. ಅಪ್ಪ ಬಿಡುವಾದಾಗ ಬೆಣ್ಣೆ ಅಕ್ಕನ ಕೋಣೆಗೆ ಬಂದು ಹೊಸ ಅಪ್ಪಂದಿರಿಗೆ ಬೆರಳಳತೆ ಕಲಿಸುತ್ತಾನೆ. ಸುಟ್ಟ ಕಲೆಗಳ ದಪ್ಪ ಬೆರಳು ಎತ್ತಿ ತೋರಿಸಿದರೆ ಹೆದರುವವರೂ ಕೇಳಿಸಿಕೊಳ್ಳುತ್ತಾರೆ. ಬೆಣ್ಣೆ ಅಕ್ಕ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾರೆ, ಸಿಗುವುದಿಲ್ಲ.

ಅವರ ಕೈಗೆ ಮಾತ್ರ ಪೂರ್ತಿ ಬಿಡುಗಡೆ ಸಿಕ್ಕಿಲ್ಲ. ಊಟವಾದ ಮೇಲೆ ಗಂಡ ಬೆರಳುಬೆರಳಿಗೂ ಮುಲಾಮು ಹಚ್ಚಿ ಹತ್ತಿಯ ಗ್ಲೌಸ್ ಹಾಕುತ್ತಾರೆ. ಮದುವೆಯಾದ ಹೊಸದರಲ್ಲಿ ಹಿಡಿದದ್ದಕ್ಕಿಂತ ಈಗಲೇ ಕೈ ಹಿಡಿಯೋದು ಜಾಸ್ತಿ ಎಂದು ಬೆಣ್ಣೆ ಅಕ್ಕ ಹೇಳಿದಾಗ ಡ್ರೈವರು ಸಾಹೇಬರು ನಾಚಿಕೊಂಡು ಎದ್ದು ಒಳಗೆ ಹೋದರು. ಅಮ್ಮನ ಕೈ ಸುಧಾರಿಸಿದ ಮೇಲೆ ಮಗಳು ಮದುವೆಯಾಗುವ ತನಕವೂ ಬೇರೆ ಯಾರಿಂದಲೂ ಜಡೆ ಹಾಕಿಸಿಕೊಳ್ಳಲಿಲ್ಲವಂತೆ.

ನಿವೃತ್ತಿ ಹತ್ತಿರ ಬರುತ್ತಿದೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಸನ್ಮಾನ, ಶಾಲು ಎಂದರೆ ಅವರಿಗೆ ನಗು. ಕೊಂಚ ಯೋಚಿಸಿ, ಮೊನ್ನೆ ಬಸ್ಸಿನಲ್ಲಿ ನಡೆದದ್ದನ್ನು ಹೇಳಿದರು. ಎದುರಿನ ಸೀಟಿನಲ್ಲಿ ಒಬ್ಬ ತಾಯಿ, ಏಳೆಂಟು ವರ್ಷದ ಮಗ. ಹಿಂದೆ ಇವರ ಕೋಣೆಗೆ ತಿಂಗಳುಗಟ್ಟಲೆ ಬಂದಿದ್ದವರು. ಆ ಮಗು ತುರಿಸಿಕೊಳ್ಳುವುದನ್ನು ತಡೆಯಲು ಆಗ ಅದರ ಅಂಗೈಗೆ ಚೀಲ ಹೊಲಿದು ಕಟ್ಟುತ್ತಿದ್ದರು. ತಾಯಿಗೆ ಇವರ ಗುರುತು ಸಿಗಲಿಲ್ಲ. ಇವರೂ ಮಾತಾಡಿಸಲಿಲ್ಲ.

"ಅರ್ಧ ತೋಳಿನ ಅಂಗಿ ಹಾಕಿದ್ದ. ಅಮ್ಮನಿಗೆ ಒರಗಿ ನಿದ್ದೆ ಹೋಗಿದ್ದ. ಎರಡೂ ಕೈ ಸುಮ್ನೆ ಮಡಿಲಲ್ಲಿ ಬಿದ್ದಿದ್ವು, ಒಂದು ಸಲಾನೂ ಅಲ್ಲಾಡ್ಲಿಲ್ಲ. ಅದನ್ನೇ ನೋಡ್ತಾ ಕೂತಿದ್ದೆ, ನನ್ನ ಸ್ಟಾಪು ದಾಟಿ ಹೋಯ್ತು. ಇಳಿದು ಅಷ್ಟು ದೂರ ನಡ್ಕೊಂಡೇ ಮನೆಗೆ ಬಂದೆ. ಕಾಲು ನೋಯ್ಲೇ ಇಲ್ಲ."